ಗಾಳಿ ಅಮ್ಮನ ಕೈಯಲ್ಲಿ

“ಬಾಟಲಿಯಲ್ಲಿ ತುಂಬಿದ್ದು ಯಾವುದೂ ಕಾರಿನೊಳಗೆ ಇರಕೂಡದು. ಇವತ್ತಿಂದ ಹೊಸ ನಿಯಮ,” ಎಂದು ಹೇಳಿ ತಪಾಸಣೆಯವನು ಮುಂದಿನ ಕಾರಿನ ಕಡೆ ನಡೆದ. ರೇಸ್ ಶುರುವಾಗುವ ಹೊತ್ತಾಗಿತ್ತು. ಕಾರು ಓಡಿಸಬೇಕಿದ್ದ ರಾಕೆಟ್, ತಲೆಯ ಮೇಲೆ ಕೈ ಹೊತ್ತು ಹಳೆಯ ಟೈರಿನ ಮೇಲೆ ಕುಸಿದ. ಅವನ ಮೆಕ್ಯಾನಿಕ್, ಅಂದರೆ ಸ್ವಂತ ಸೋದರಮಾವ, ಪುಟ್ಟ ಕಾರ್ಬನ್ ಡೈಆಕ್ಸೈಡ್ ಬಾಟಲಿಯನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದ.

ಆ ಬಾಟಲಿಗಾಗಿ ಇಬ್ಬರೂ ಆಡಿದ ಜಗಳ ಒಂದೆರಡಲ್ಲ. ಎಂಜಿನ್ನಿಗೆ ಬಲ ತುಂಬುವ ಟರ್ಬೊವನ್ನು ತಿರುಗಿಸುವ ಹೊಗೆ ಪಕ್ಕದಿಂದ ಜಾರಿಹೋಗದಂತೆ ಕಾರಿನಲ್ಲಿ ಒಂದು ವಾಲ್ವ್ ಇತ್ತು. ಅದರ ತಲೆಯ ಮೇಲೆ ಗಾಳಿ ಒತ್ತಿದಷ್ಟೂ ಕಾರಿಗೆ ರೋಷ, ಸಡಿಲ ಬಿಟ್ಟರೆ ಕಾರು ಪರಮ ಸಾಧು. ಆ ಒತ್ತುವ ಗಾಳಿಯನ್ನು ಎಲ್ಲಿಂದ ತರುವುದು ಎಂಬುದೇ ತಕರಾರು. ನೈಟ್ರೋಜನ್ ಸಿಲಿಂಡರು ಭಾರ ಎಂದು ಮಾವ. ಬರೀ ಗಾಳಿ ತುಂಬಿದರೆ ಅರ್ಧ ದಾರಿಗೇ ಖಾಲಿ ಎಂದು ರಾಕೆಟ್. ಕಂಪ್ರೆಸರ್ ಕೂರಿಸಿದರೆ ಬ್ಯಾಟರಿ ಕಣ್ಣು ಮುಚ್ಚುತ್ತದೆ ಎಂದು ಇಬ್ಬರೂ. ಕೊನೆಗೆ ಪುಟ್ಟ ಬಾಟಲಿಯಲ್ಲಿ ದ್ರವವಾಗಿ ಮುದುಡಿ ಕುಳಿತು ಬೇಕಾದಷ್ಟು ಒತ್ತಡ ಕೊಡುವ ಕಾರ್ಬನ್ ಡೈಆಕ್ಸೈಡೇ ಗೆದ್ದಿತ್ತು. ಈಗ ಅದಕ್ಕೂ ಕಲ್ಲು ಬಿತ್ತು. ಹೆಸರು ರಾಕೆಟ್ ಆದರೂ ಅವನು ಪ್ರತಿ ವರ್ಷ ನೀಲಿ ಕಾರಿನವನ ಬಾಲ ಹಿಡಿದು ಎರಡನೆಯವನಾಗಿಯೇ ಬರುತ್ತಿದ್ದ. ಈ ಸಲವೂ ಸೋತರೆ ಟ್ರ್ಯಾಕಿನ ಕಡೆ ಮುಖ ಹಾಕುವಂತಿರಲಿಲ್ಲ.

“ಬಾಟಲಿ ಬೇಡ ಅಂದ. ಗಾಳಿ ಬೇಡ ಅನ್ಲಿಲ್ವಲ್ಲ,” ಎಂದಳು ಅಮ್ಮ. ಸೈಕಲ್ ರಿಪೇರಿ ಅಂಗಡಿ ನಡೆಸುವ ಅವಳು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಗ ಇನ್ನು ತಿರುಗಿ ಬರುವುದಿಲ್ಲ ಎಂಬ ಮುಖ ಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು. “ನನ್ನ ಸ್ಕೂಟರ್ ಹಿಂದೆ ಸೈಕಲ್ ಪಂಪ್ ಕಟ್ಟಿದೀನಿ. ತರ್ಲಾ?”

“ನೀನು ಸುಮ್ನಿರಮ್ಮಾ. ಮೊದ್ಲು ಆ ಸಪ್ಪೆ ಮುಖ ಬಿಡು, ಓಡ್ಸೋನಿಗೆ ಧೈರ್ಯ ಹೋಗುತ್ತೆ,” ಎಂದು ರಾಕೆಟ್ ರೇಗಿದ. ಆದರೆ ಮಾವನ ಕಣ್ಣು ಅಷ್ಟರಲ್ಲೇ ಅರಳಿತ್ತು. ಅವನು ತಪಾಸಣೆಯವನನ್ನು ಎಳೆದುಕೊಂಡು ಬಂದ. ಆತ ಪಂಪನ್ನು ಅಲುಗಾಡಿಸಿ, ಮೂಸಿ ನೋಡಿ, ಇದು ಬಾಟಲಿಯಲ್ಲ ಎಂದು ಒಪ್ಪಿದ. ಪಕ್ಕದ ಸೀಟಿನಲ್ಲಿ ಒಬ್ಬರು ಕೂರಲು ಮೊದಲಿಂದಲೂ ಅವಕಾಶವಿತ್ತು. ಮಾವ ಕುಳಿತು ನೋಡಿದ. ಕಾರಿನ ಹೊಟ್ಟೆ ನೆಲಕ್ಕೆ ತಾಗಿತು. ಬೇರೆ ದಾರಿಯಿಲ್ಲದೆ ಅಮ್ಮನ ತಲೆಗೆ ಹೆಲ್ಮೆಟ್ ತೊಡಿಸಿ, ಕಾಲ ನಡುವೆ ಪಂಪು ನಿಲ್ಲಿಸಿ, ಅದರ ಕೊಳವೆಯನ್ನು ವಾಲ್ವಿಗೆ ಸಿಕ್ಕಿಸಿದರು.

ಬಾವುಟ ಬಿತ್ತು. ಅಮ್ಮ ಪಂಪು ಹೊಡೆದಳು ನೋಡಿ, ಕಾರು ಬಾಣ ಬಿಟ್ಟಂತೆ ಹೊರಟಿತು. ಎಷ್ಟು ಸೈಕಲ್ ಟ್ಯೂಬುಗಳನ್ನು ಉಬ್ಬಿಸಿದ ಕೈ ಅದು! ಆದರೆ ತಿರುವು ಕಂಡ ಕೂಡಲೇ ಕೈ ನಿಂತಿತು.

“ಹೊಡಿ ಅಮ್ಮಾ!”

“ಮುಂದೆ ತಿರುವಿದೆ.”

“ನಂಗೂ ಕಾಣ್ಸುತ್ತೆ!”

“ಕಾಣ್ಸಿದ್ರೆ ನಿಧಾನ ಹೋಗು.”

ರಾಕೆಟ್ ಹಲ್ಲು ಕಡಿದ. ವಿಚಿತ್ರವೆಂದರೆ, ಜೀವಮಾನದಲ್ಲಿ ಮೊದಲ ಸಲ ಅವನ ಕಾರು ತಿರುವುಗಳಲ್ಲಿ ಹುಲ್ಲಿಗೆ ಹಾರಲಿಲ್ಲ. ಒಬ್ಬೊಬ್ಬರೇ ಹಿಂದೆ ಬಿದ್ದರು. ಕೊನೆಯ ನೇರ ದಾರಿಯಲ್ಲಿ, ಹಳೆಯ ಕಂಪ್ರೆಸರ್ ಸಿಕ್ಕಿಸಿಕೊಂಡು ಬಂದಿದ್ದ ನೀಲಿ ಕಾರೊಂದೇ ಮುಂದೆ ಉಳಿದಿತ್ತು. ಆಗ ಅಮ್ಮ ಪಂಪಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ನಿನ್ ಹತ್ರ ಒಂದ್ ಮಾತು ಆಡೋದಿತ್ತು.”

“ಈಗ್ಲಾ?!”

“ಮನೇಲಿ ಆಡಿದ್ರೆ ಎದ್ದು ಹೋಗ್ತೀಯ. ಇಲ್ಲಿಂದ ಎಲ್ಲಿಗೆ ಹೋಗ್ತೀಯ? ಇದೇ ಕೊನೇ ರೇಸ್ ಅನ್ನು.”

“ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ!”

“ಕಾಲಿಗೆ ಆಮೇಲೆ ಬೀಳು, ಈಗ ಮುಂದೆ ನೋಡ್ಕೊಂಡು ಓಡ್ಸು. ನನ್ನಾಣೆ ಹಾಕು.”

ನೀಲಿ ಕಾರು ಚಿಕ್ಕದಾಗುತ್ತಾ ಹೋಯಿತು. ರಾಕೆಟ್‌ಗೆ ಅಳು ಬಂತು. “ನಿನ್ನಾಣೆ! ಇನ್ಮೇಲೆ ರೇಸ್ ಮುಟ್ಟಲ್ಲ! ಹೊಡಿಯಮ್ಮಾ!”

ಅಮ್ಮ ಸೀಟಿನಿಂದ ಅರ್ಧ ಎದ್ದು ಹೊಡೆದಳು. ಎಂಜಿನ್ ಊಳಿಟ್ಟಿತು. ಪಕ್ಕದಿಂದ ಅವಳು ಏನೋ ಕೂಗುತ್ತಿದ್ದಳು. ಹೆದರಿ ಕೂಗುತ್ತಿದ್ದಾಳೆ ಎಂದುಕೊಂಡ. ಗೆರೆ ದಾಟುವಾಗ ಕಿವಿಗೆ ಸ್ಪಷ್ಟವಾಗಿ ಬಿತ್ತು: “ಬಿಡಬೇಡ ಅವ್ನನ್ನ, ಬಿಡಬೇಡ!” ನೀಲಿ ಕಾರು ಒಂದು ಗೇಣು ಹಿಂದೆ ಉಳಿದಿತ್ತು.

ಆಣೆ ಅಂದರೆ ಆಣೆ. ಮುಂದಿನ ರೇಸಿನ ದಿನ ರಾಕೆಟ್ ಅಮ್ಮನ ಅಂಗಡಿಯಲ್ಲಿ ಕುಳಿತು, ನೀರಿನ ತಟ್ಟೆಯಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದ. ಬಾಗಿಲ ಮುಂದೆ ನೀಲಿ ಕಾರು ಬಂದು ನಿಂತಿತು. “ಅಮ್ಮಾ, ಹೊತ್ತಾಯ್ತು,” ಎಂದು ನೀಲಿ ಕಾರಿನವನು ವಿನಯದಿಂದ ಕರೆದ.

ಅಮ್ಮ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಪಂಪನ್ನು ಕಂಕುಳಲ್ಲಿ ಇರುಕಿಕೊಂಡಳು.

“ಅಮ್ಮಾ! ಇದೇ ಕೊನೇ ರೇಸ್ ಅಂತ ಆಣೆ ಹಾಕ್ಸಿದ್ದು ನೀನೇ ಅಲ್ವಾ?”

“ಹಾಕಿದ್ದು ನೀನು. ನಾನೆಲ್ಲಿ ಹಾಕ್ದೆ?” ಎಂದು ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಕಾರಿಗೆ ಹತ್ತಿ ಕುಳಿತವಳು ಕಿಟಕಿಯಿಂದ ತಲೆ ಹೊರಹಾಕಿದಳು. “ಅಂಗಡಿ ಮುಚ್ಚಿ ಊಟದ ಡಬ್ಬಿ ತಗೊಂಡು ಬಾ. ಅಲ್ಲಿ ಸ್ಟೂಲ್ ಮೇಲೆ ಕೂತ್ಕೋ. ಹೀಗೆ ಸಪ್ಪೆ ಮುಖ ಮಾತ್ರ ಮಾಡ್ಕೋಬೇಡ, ಹೋಗೋರಿಗೆ ಧೈರ್ಯ ಹೋಗುತ್ತೆ.”