ಅಣ್ಣನ ದವಡೆ ಹಲ್ಲು

"ಬಾಯಿ ತೆಗಿ," ಎಂದಳು ತಂಗಿ.

ಅಣ್ಣ ತೆಗೆಯಲಿಲ್ಲ. ಊರಿನವರಿಗೆಲ್ಲ ನಾಲಿಗೆ ಚಾಚಿಸಿ 'ಆ' ಅನ್ನಿಸುವ ಫಿಜಿಷಿಯನ್ ಅವನು. ಈಗ ತಂಗಿಯ ಕ್ಲಿನಿಕ್ಕಿನ ಕುರ್ಚಿಯಲ್ಲಿ ಅಂಗಾತ ಮಲಗಿದ್ದರೂ ಮೊದಲು ಭಾಷಣ ಮುಗಿಯಬೇಕಿತ್ತು. "ಬಾದಾಮಿ ಕಚ್ಚಿದೆ, ಅಷ್ಟೇ. ದೊಡ್ಡ ಆಪರೇಷನ್ ಥರ ಆಡ್ಬೇಡ. ಮೂವತ್ತೆರಡು ಹಲ್ಲು ಓದೋಕೆ ನಿಮಗೆ ಐದು ವರ್ಷ ಬೇಕು. ಅಷ್ಟರಲ್ಲಿ ನಾವು ಇಡೀ ಮನುಷ್ಯನ್ನೇ ಓದಿ ಮುಗಿಸ್ತೀವಿ."

"ಇಡೀ ಮನುಷ್ಯನ್ನ ಓದಿದೋನು ಒಂದು ಹಲ್ಲಿಗೆ ನನ್ನ ಹತ್ರ ಬಂದಿದೀಯಲ್ಲ, ತೆಗಿ ಬಾಯಿ."

ಮೂಲೆಯ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು. ಮಗನಿಗೆ ಸೂಜಿ ಕಂಡರೆ ಆಗದು, ಅದಕ್ಕೇ ಜೊತೆಗೆ ಬಂದದ್ದು. ಅವಳ ಪಾಲಿಗೆ ಮಗ ಡಾಕ್ಟರು, ಮಗಳು ಹಲ್ಲಿನ ಡಾಕ್ಟರು. ಮಗನ ಫೋನು ಊಟಕ್ಕೆ ಕೂತಾಗಲೂ ಬಡಿದುಕೊಳ್ಳುತ್ತದೆ, ತಟ್ಟೆಯಲ್ಲಿದ್ದದ್ದು ತಣ್ಣಗಾಗುತ್ತದೆ. ಮಗಳು ಸಂಜೆ ಬೀಗ ಹಾಕಿಕೊಂಡು ಆರಾಮವಾಗಿ ಜಿಮ್ಮಿಗೆ ಹೋಗುತ್ತಾಳೆ. ಕಣ್ತುಂಬ ನಿದ್ದೆ ಮಾಡುವವರು ಅದೆಂಥ ಡಾಕ್ಟರು ಎಂಬ ಅನುಮಾನ ಅಮ್ಮನಿಗೆ ಇವತ್ತಿಗೂ ಹೋಗಿಲ್ಲ.

ಆ ಜಿಮ್ಮೇ ಮನೆಯ ದೊಡ್ಡ ತಕರಾರು. ದಿನವಿಡೀ ಇನ್ನೊಬ್ಬರ ಬಾಯಿಗೆ ಬಗ್ಗಿ ಬಗ್ಗಿ ತಂಗಿಯ ಕತ್ತು, ಸೊಂಟ ಮುಷ್ಕರ ಹೂಡಿದ್ದವು. ಅಣ್ಣ ಕೊಟ್ಟ ಮಾತ್ರೆಯಿಂದ ಆಗದ್ದು ಕಬ್ಬಿಣದ ಸರಳಿನಿಂದ ಆಯಿತು. ಈಗ ಬರುವ ಭಾನುವಾರ ಭಾರ ಎತ್ತುವುದರಲ್ಲಿ ಅವಳ ಮೊದಲ ಸ್ಪರ್ಧೆ. ಅಮ್ಮ ಬಂದು ಮುಂದಿನ ಸಾಲಿನಲ್ಲಿ ಕೂರಬೇಕೆಂಬುದೊಂದೇ ಅವಳ ಆಸೆ. ಅದಕ್ಕೆ ಅಣ್ಣ ಕಲ್ಲು ಹಾಕಿದ್ದ. "ಭಾರ ಎತ್ತಿದ್ರೆ ಬೆನ್ನುಮೂಳೆ ಹೋಗುತ್ತೆ. ಹಲ್ಲು ಕೊರೆಯೋ ಕೈ ನಡುಗುತ್ತೆ. ಬಿಟ್ಟ ಮಾರನೇ ದಿನ ಮೈಯೆಲ್ಲ ಕೊಬ್ಬಾಗುತ್ತೆ." ಹೆಣ್ಣು ಗಂಡಿನ ಹಾಗೆ ಕಾಣುತ್ತಾಳೆ ಅಂತ ಅಮ್ಮ ತನ್ನದೂ ಒಂದು ಸೇರಿಸಿದಳು. ಡಾಕ್ಟರು ಹೇಳಿದ ಮೇಲೆ ಮುಗಿಯಿತು. ನಾನು ಬರಲ್ಲ ಎಂದುಬಿಟ್ಟಳು. ಅಂದಿನಿಂದ ತಂಗಿಗೆ ಊಟ ರುಚಿಸಿರಲಿಲ್ಲ.

ಕೊನೆಗೂ ಬಾಯಿ ತೆರೆಯಿತು. ಕೆಳಗಿನ ದವಡೆ ಹಲ್ಲು ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಹುಳುಕಿನ ಗುರುತಿಲ್ಲ. ಆ ಕಡೆಯ ಹಲ್ಲುಗಳೂ ಮೇಲೆಲ್ಲ ಸವೆದು ಚಪ್ಪಟೆಯಾಗಿದ್ದವು. ಇಂಥ ಬಾಯಿ ಅವಳಿಗೆ ಹೊಸದಲ್ಲ. ಜಿಮ್ಮಿನ ಗೆಳೆಯರಲ್ಲಿ ಅರ್ಧ ಜನ, ಭಾರ ಎತ್ತುವಾಗ ಹಲ್ಲು ಕಚ್ಚಿ ಕಚ್ಚಿ, ಇದೇ ಬಾಯಿ ಹೊತ್ತು ಅವಳ ಹತ್ತಿರ ಬಂದಿದ್ದರು. ಆದರೆ ಅಣ್ಣ?

ಸೂಜಿ ಕಂಡದ್ದೇ ಅಣ್ಣ ಕಣ್ಣು ಮುಚ್ಚಿ ಅವಳ ಎಡಗೈಯನ್ನು ಗಪ್ಪನೆ ಹಿಡಿದುಕೊಂಡ. ಗ್ಲೌಸಿನ ಮೇಲಿಂದಲೂ ಅವಳಿಗೆ ತಿಳಿಯಿತು: ಬೆರಳುಗಳ ಬುಡದಲ್ಲಿ ಸಾಲಾಗಿ ಗಟ್ಟಿ ಜಡ್ಡು. ಪೆನ್ನು ಹಿಡಿದು ಚೀಟಿ ಬರೆಯುವವರಿಗೆ ಅಲ್ಲಿ ಜಡ್ಡುಗಟ್ಟುವುದಿಲ್ಲ.

ಅವಳು ಸೂಜಿ ಚುಚ್ಚಿದಳು. ಮರಗಟ್ಟುವವರೆಗೆ ಕಾದು, ಬಾಯಿತುಂಬ ಹತ್ತಿ ತುರುಕಿ, ಹಲ್ಲು ಕೊರೆಯಲು ಶುರು ಮಾಡಿದ ಮೇಲೆ ಮೆಲ್ಲಗೆ ಕೇಳಿದಳು. "ಅಣ್ಣ, ನೀನೂ ಭಾರ ಎತ್ತುತ್ತಿದೀಯಾ?"

ಫಿಜಿಷಿಯನ್ನನ ಕಣ್ಣು ಅಗಲವಾದವು. "ಆ... ಆಆ..."

"ಹೌದಾದ್ರೆ ಒಂದ್ಸಲ ಕಣ್ಣು ಮುಚ್ಚು."

ಹಲ್ಲಿನ ಡಾಕ್ಟರಿಕೆಯಲ್ಲಿ ಇದೊಂದು ಅನುಕೂಲವಿದೆ. ಮಿಕ್ಕ ಡಾಕ್ಟರುಗಳು ರೋಗಿ ಹೇಳುವ ಸುಳ್ಳನ್ನೆಲ್ಲ ಕೇಳಬೇಕು. ಇಲ್ಲಿ ರೋಗಿಗೆ ಸುಳ್ಳು ಹೇಳಲು ಬಾಯಿಯೇ ಇರುವುದಿಲ್ಲ. ಅಣ್ಣ ಕಣ್ಣು ಮುಚ್ಚಿದ.

ಅಮ್ಮ ಸ್ಟೂಲು ಬಿಟ್ಟು ಎದ್ದು ಬಂದಳು. "ಏನೋ? ಬೆನ್ನುಮೂಳೆ ಹೋಗುತ್ತೆ ಅಂದ್ಯಲ್ಲೋ?"

"ಆಆ..."

"ಕೈ ನಡುಗುತ್ತೆ ಅಂದ್ಯಲ್ಲೋ?" ಎನ್ನುತ್ತ ಅಮ್ಮ ಮಗಳ ಕೈ ನೋಡಿದಳು. ಮಗಳು ಕೆಲಸ ಮಾಡುವುದನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಯಂತ್ರ ಗುಂಯ್‌ಗುಡುತ್ತಿತ್ತು, ಅಣ್ಣನ ಕಾಲು ನಡುಗುತ್ತಿತ್ತು. ಮಗಳ ಕೈ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ಅಮ್ಮ ನೋಡುತ್ತಲೇ ನಿಂತಳು.

ಹಲ್ಲು ತುಂಬಿ, ಬಾಯಿ ಮುಕ್ಕಳಿಸಿದ ಮೇಲೆ ಅಣ್ಣ ತಪ್ಪೊಪ್ಪಿಕೊಂಡ. ಅರ್ಧ ತುಟಿ ಇನ್ನೂ ಮಲಗಿತ್ತು. "ಮನೆ ಬದಲಾಯಿಸುವಾಗ ಇಬ್ಬರೂ ಬೀರು ಎತ್ತಿದ್ವಲ್ಲ. ನಿನ್ನ ಕಡೆ ಎದ್ದಿತು, ನನ್ನ ಕಡೆ ಏಳಲಿಲ್ಲ. ಮಾನ ಹೋಯ್ತು ಅನ್ನಿಸ್ತು. ಕಾರ್ ಶೆಡ್ಡಲ್ಲಿ ಕದ್ದು ಶುರು ಮಾಡಿದೆ. ನನ್ನ ಸೊಂಟನೋವೂ ಹೋಯ್ತು ಕಣೇ."

"ಮತ್ತೆ ನಂಗ್ಯಾಕೋ ಬೇಡ ಅಂದೆ?"

"ನೀನು ಸ್ವಲ್ಪ ದಿನ ನಿಲ್ಲಿಸಿದ್ರೆ, ಅಷ್ಟರಲ್ಲಿ ನಾನು ನಿನ್ನ ಸಮಕ್ಕೆ ಬರಬಹುದೇನೋ ಅಂತ."

ಮೂವರೂ ನಕ್ಕರು, ಅಣ್ಣನದು ಅರ್ಧ ಮುಖದ ನಗು. ತಂಗಿ ಅವನ ಗಲ್ಲ ಒರೆಸಿದಳು. "ಎತ್ತುವಾಗ ದವಡೆ ಸಡಿಲ ಬಿಡೋ ಮಾರಾಯ. ಭಾರ ಇರೋದು ಕೈಯಲ್ಲಿ, ಬಾಯಲ್ಲಲ್ಲ."

ಅಮ್ಮ ಚೀಲ ಹೆಗಲಿಗೇರಿಸುತ್ತ ಕೇಳಿದಳು. "ಭಾನುವಾರ ಎಷ್ಟು ಹೊತ್ತಿಗೆ, ಡಾಕ್ಟರೇ?"

ತಂಗಿಗೆ ಕುಣಿಯಬೇಕೆನ್ನಿಸಿತು. ಹೊರಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದುದರಿಂದ ಕುಣಿಯಲಿಲ್ಲ.

ಭಾನುವಾರ ಅವಳು ಸರಳನ್ನು ತಲೆಯ ಮೇಲೆತ್ತಿ, ತೋಳು ನೆಟ್ಟಗೆ ಮಾಡಿ, ತೀರ್ಪುಗಾರರ ಸನ್ನೆಗಾಗಿ ಕಾಯುತ್ತ ಮುಂದಿನ ಸಾಲಿನತ್ತ ನೋಡಿದಳು. ಅಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು. ಬರಿಗೈಗಳೆರಡನ್ನೂ ತಲೆಯ ಮೇಲೆತ್ತಿ, ಕತ್ತಿನ ನರ ಉಬ್ಬಿಸಿ, ಹಲ್ಲು ಕಚ್ಚಿ, ಮಗಳ ಜೊತೆ ತಾನೂ ಎತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಅಣ್ಣ ವೇದಿಕೆಯ ಕಡೆ ತಿರುಗಿಯೂ ನೋಡದೆ ಕೂಗುತ್ತಿದ್ದ:

"ಅಮ್ಮಾ, ಬಾಯಿ ತೆಗಿ! ಹಲ್ಲು ಒಡೆಯುತ್ತೆ!"