ಸೋತ ಆಟಗಳ ಭಾನುವಾರ

“ನಗು ಬಂದ್ರೆ ಕೆಮ್ಮಿಬಿಡು,” ಎಂದಿದ್ದಳು ಹುಡುಗಿ, ಹಲ್ಲಿನ ಡಾಕ್ಟರನ್ನು ಮೆಟ್ಟಿಲ ಬಳಿಯೇ ತಡೆದು. “ಕೈ ಮುಗೀತೀನಿ, ನಗಬೇಡ ಮಾತ್ರ.”

ಎರಡು ಸಲ ಕೆಮ್ಮಿಯಾಗಿತ್ತು. ಮೂರನೆಯದಕ್ಕೆ ಹುಡುಗಿಯ ತಾಯಿ ನೀರಿನ ಲೋಟ ತಂದು ಮುಂದಿಟ್ಟರು. ಡಾಕ್ಟರು ಗಟಗಟನೆ ಕುಡಿದು, ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಟಿವಿ ಕಡೆ ತಿರುಗಿದರು.

ಟಿವಿಯಲ್ಲಿ ಹಸಿರು ತಂಡ ಸೋಲುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಕೆಂಪು ತಂಡದೆದುರು ಸೋತಿದ್ದ ಬ್ಯಾಸ್ಕೆಟ್‌ಬಾಲ್ ಫೈನಲ್ಲನ್ನೇ ರೆಕಾರ್ಡಿಂಗಿನಲ್ಲಿ ಮತ್ತೊಮ್ಮೆ ಸೋಲುತ್ತಿತ್ತು. ಈ ಮನೆಗೆ ಹಸಿರು ತಂಡವೆಂದರೆ ಪ್ರಾಣ. ಹುಡುಗಿಯ ತಾಯಿಯ, ಅಂದರೆ ಡಾಕ್ಟರ ಭಾವೀ ಅತ್ತೆಯ, ತಂದೆಯೇ ಅದರ ಮೊದಲ ನಾಯಕರು. ಗೋಡೆಯ ಮೇಲೆ ಅವರ ಫೋಟೋ, ಅದಕ್ಕೆ ಹಸಿರು ಚೌಕಟ್ಟು. ಕಿಟಕಿಯ ಪರದೆ ಹಸಿರು, ದಿಂಬು ಹಸಿರು, ಈಗಷ್ಟೇ ನೀರು ಕುಡಿದ ಲೋಟವೂ ಹಸಿರೇ.

ನಮ್ಮ ಡಾಕ್ಟರೋ, ಹುಟ್ಟಾ ಕೆಂಪಿನವರು. ಹಸಿರಿನವರ ಬದ್ಧ ವೈರಿಗಳಾದ ಕೆಂಪು ತಂಡದ ಗ್ಯಾಲರಿಯಲ್ಲಿ ಎಂಟನೆಯ ವಯಸ್ಸಿನಿಂದ ಗಂಟಲು ಹರಿದುಕೊಂಡವರು. ಪ್ರೀತಿಸಿದ್ದು ಮಾತ್ರ ಈ ಮನೆಯ ಹುಡುಗಿಯನ್ನು. ಗ್ರಹಚಾರ, ಇನ್ನೇನು?

ಹಿಂದೆ ಒಬ್ಬ ವರ ಬಂದಿದ್ದ, ಬ್ಯಾಂಕಿನವನು. ಕೆಂಪು ತಂಡದವನೊಬ್ಬ ಬ್ಯಾಸ್ಕೆಟ್ ಹಾಕಿದಾಗ “ಚೆನ್ನಾಗಿ ಹಾಕ್ದ” ಎಂದುಬಿಟ್ಟ, ಬರೀ ಮರ್ಯಾದೆಗೆ. ಚಹಾ ಆರುವ ಮೊದಲೇ ಭಾವೀ ಅತ್ತೆ ಅವನಿಗೆ ಬಾಗಿಲು ತೋರಿಸಿದ್ದರು. “ಪಾಪ, ಒಳ್ಳೇ ಹುಡುಗ,” ಎಂದು ಭಾವೀ ಮಾವ ಗೊಣಗಿದ್ದಕ್ಕೆ ಎರಡು ದಿನ ಮನೆಯಲ್ಲಿ ಮಾತೇ ಇರಲಿಲ್ಲವಂತೆ. ಅಂದಮೇಲೆ ಇಂದು ಡಾಕ್ಟರು ಜಾರಿದರೆ ಹುಡುಗಿಯನ್ನು ಮರೆಯಬೇಕಾದ್ದೇ.

“ಗೆದ್ದ ಆಟಾನ ಯಾರು ಬೇಕಾದ್ರೂ ನೋಡ್ತಾರೆ ಡಾಕ್ಟ್ರೇ,” ಎಂದರು ಅತ್ತೆ. “ಸೋತಿದ್ದನ್ನ ನೋಡೋಕೆ ನಿಯತ್ತಿರಬೇಕು. ನಮ್ಮ ಯಜಮಾನರನ್ನೇ ನೋಡಿ. ಮದುವೆಯಾದಾಗಿನಿಂದ ಒಂದು ಭಾನುವಾರ ತಪ್ಪಿಸಿಲ್ಲ. ನಮ್ಮವರು ಕೆಂಪಿನವರಿಗೆ ಸೋತ ಒಂದೊಂದು ಆಟಾನೂ ಜೋಪಾನವಾಗಿ ಇಟ್ಕೊಂಡಿದ್ದಾರೆ. ಗೆದ್ದಿದ್ದು ಒಂದೂ ಇಲ್ಲ.”

“ಕೆಲವನ್ನ ಮರೀಬಾರದು,” ಎಂದರು ಮಾವ ತಗ್ಗಿದ ದನಿಯಲ್ಲಿ.

“ಕೆಂಪಿನವರ ವಿಷಯದಲ್ಲಂತೂ ಇವರ ಮೂಗೇ ಮೂಗು. ನೂರು ಜನರಲ್ಲಿ ಒಬ್ಬ ಇದ್ರೂ ವಾಸನೇಲೇ ಹಿಡೀತಾರೆ.”

ಡಾಕ್ಟರು ಮೆಲ್ಲಗೆ ಅರ್ಧ ಗೇಣು ಅತ್ತ ಸರಿದರು.

ಮಾವನಿಗೆ ಗಡಿಯಾರ ರಿಪೇರಿಯ ಅಂಗಡಿ. ಕೂದಲೆಳೆಯಷ್ಟು ದಪ್ಪದ ಸ್ಪ್ರಿಂಗ್ ಎಲ್ಲಿ ಸಡಿಲವಾಗಿದೆ ಎಂದು ಹುಡುಕುವ ಕಣ್ಣು. ಆ ಕಣ್ಣಿನಿಂದ ಏನನ್ನು ಬಚ್ಚಿಡುವುದು? ಅವರು ಕುರ್ಚಿಯ ಮೇಲೆ ಎರಡೂ ಕಾಲು ಮಡಿಚಿ ಕುಳಿತಿದ್ದರು. ಮೊಣಕಾಲು ನೋವಂತೆ, ಆಟ ನೋಡುವಾಗ ಮಾತ್ರ ಬರುತ್ತದಂತೆ. ಕೆಂಪು ತಂಡಕ್ಕೆ ಪಾಯಿಂಟ್ ಬಂದಾಗಲೆಲ್ಲ ಟವೆಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಭುಜ ಕುಲುಕುತ್ತಿತ್ತು. ಅತ್ತೆ ಎದ್ದು ಹೋಗಿ ಬೆನ್ನು ಸವರುತ್ತಿದ್ದರು.

ಡಾಕ್ಟರಿಗೆ ನಿಜವಾಗಿಯೂ ಅಯ್ಯೋ ಎನಿಸಿತು. ಇಷ್ಟು ನೊಂದ ಮನುಷ್ಯನಿಗೆ ಸುಳ್ಳು ಹೇಳಿ ಮಗಳನ್ನು ಕರೆದುಕೊಂಡು ಹೋಗುವುದೇ? ನಾಚಿಕೆಯಾಯಿತು. ಆದರೆ ಹುಡುಗಿ ಅಲ್ಲೇ ಬಾಗಿಲ ಬಳಿ ನಿಂತಿದ್ದಳು, ಉಗುರು ಕಚ್ಚುತ್ತ. ಅವಳನ್ನು ಬಿಡುವುದಂತೂ ಸಾಧ್ಯವಿರಲಿಲ್ಲ.

ಆಟದ ಕೊನೆಯ ನಾಲ್ಕು ಸೆಕೆಂಡು. ಹಸಿರಿಗೆ ಎಪ್ಪತ್ತು, ಕೆಂಪಿಗೆ ಅರವತ್ತೆಂಟು. ಕೆಂಪಿನ ಒಂಬತ್ತನೆಯ ನಂಬರಿನ ಹುಡುಗನ ಕೈಗೆ ಚೆಂಡು ಬಂತು. ಅಂಗಳದ ನಡುಗೆರೆಯಿಂದಲೇ ಎಸೆದ, ಬಿದ್ದರೆ ಮೂರು ಪಾಯಿಂಟ್. ಚೆಂಡು ಗಾಳಿಯಲ್ಲಿತ್ತು.

ಕೆಂಪಿನ ಗ್ಯಾಲರಿಯಲ್ಲೊಂದು ಅಭ್ಯಾಸ ಉಂಟು. ಚೆಂಡು ಗಾಳಿಯಲ್ಲಿರುವಷ್ಟು ಹೊತ್ತು ಎಲ್ಲರೂ ಹಿಮ್ಮಡಿ ಎತ್ತಿ ಹಿಡಿಯುತ್ತಾರೆ. ಬ್ಯಾಸ್ಕೆಟ್ ಆದ ಕ್ಷಣ ಸಾವಿರ ಹಿಮ್ಮಡಿ ಒಟ್ಟಿಗೇ ಹಲಗೆಯ ಮೇಲೆ ಬೀಳುತ್ತವೆ. ಕೂತವರಿಗೆ ತಾವು ಎತ್ತಿದ್ದೇ ತಿಳಿಯುವುದಿಲ್ಲ, ಅಷ್ಟು ರೂಢಿ.

ಚೆಂಡು ಬಲೆಯೊಳಗೆ ಇಳಿಯಿತು. ದಪ್ ಎಂದಿತು ನೆಲ.

ಡಾಕ್ಟರು ತಮ್ಮ ಕಾಲು ನೋಡಿಕೊಂಡರು. ಮಾವ ಆಗಲೇ ಅದನ್ನೇ ನೋಡುತ್ತಿದ್ದರು.

“ಏನದು ಸದ್ದು?” ಎಂದರು ಅತ್ತೆ.

“ಏನಿಲ್ಲ, ಡಾಕ್ಟ್ರಿಗೆ ಸಂಕಟ ತಡ್ಕೊಳ್ಳೋಕಾಗಿಲ್ಲ,” ಎಂದರು ಮಾವ. “ನೀನು ಹೋಗಿ ಇನ್ನೊಂದು ಚಹಾ ಮಾಡು. ಮಗಳನ್ನೂ ಕರ್ಕೊಂಡು ಹೋಗು. ನಾವಿಬ್ಬರೇ ಸ್ವಲ್ಪ ಮಾತಾಡ್ಬೇಕು.”

ಹುಡುಗಿ ತಿರುತಿರುಗಿ ನೋಡುತ್ತ ಒಳಗೆ ಹೋದಳು. ಮಾವ ಎದ್ದು, ಬಾಗಿಲು ಮುಚ್ಚಿ, ಚಿಲಕವನ್ನೂ ಹಾಕಿದರು.

“ಎಷ್ಟು ವರ್ಷದಿಂದ?”

“ಎಂಟನೇ ವಯಸ್ಸಿಂದ ಸಾರ್. ಕೆಂಪಿನ ಗ್ಯಾಲರಿ, ಕೊನೇ ಸಾಲು.” ಡಾಕ್ಟರು ಎದ್ದು ನಿಂತರು. “ಮುಚ್ಚಿಟ್ಟಿದ್ದು ತಪ್ಪು. ಆದ್ರೆ ನಿಮ್ಮ ಮಗಳನ್ನ ಕಂಡ್ರೆ ನನಗೆ ಜೀವ. ಹೋಗು ಅಂದ್ರೆ ಹೋಗ್ತೀನಿ. ನಿಮ್ಮ ನೋವು ನೋಡಿದ ಮೇಲೆ ಸುಳ್ಳು ಹೇಳ್ಕೊಂಡು ಇಲ್ಲಿ ಕೂರೋಕೆ ನನ್ನ ಕೈಲಿ ಆಗಲ್ಲ.”

ಮಾವ ರಿಮೋಟ್ ಎತ್ತಿಕೊಂಡರು. ಕೊನೆಯ ನಾಲ್ಕು ಸೆಕೆಂಡನ್ನು ಹಿಂದಕ್ಕೆ ತಿರುಗಿಸಿ, ದನಿ ಪೂರ್ತಿ ಇಳಿಸಿ, ಡಾಕ್ಟರ ಪಕ್ಕದಲ್ಲೇ ಬಂದು ಕುಳಿತರು. ಅವರ ಕಣ್ಣಲ್ಲಿ ಈಗ ನಿಜವಾಗಿಯೂ ನೀರಿತ್ತು.

“ಕೂತ್ಕೊಳ್ಳಿ ಅಳಿಯಂದಿರೇ,” ಎಂದರು ಪಿಸುದನಿಯಲ್ಲಿ. “ಇಪ್ಪತ್ತೆಂಟು ವರ್ಷದಿಂದ ಈ ಮನೇಲಿ ನಮ್ಮ ಕೆಂಪಿನವರು ಗೆಲ್ಲೋದನ್ನ ನಾನೊಬ್ಬನೇ ನೋಡ್ತಾ ಇದೀನಿ.”