ಗುಂಡಿ ಒತ್ತಿದವನು

ವರ್ಲಿನ್ ಸ್ಟ್ರೌಡ್ ಚಾಚಿದ ಕೈಯನ್ನು ಸಿಗ್ನಿ ಮುಟ್ಟಲಿಲ್ಲ. ಅಂಗೈಗೆ ಅಡ್ಡಲಾಗಿ ಹಳೆಯ ಗಾಯದ ಗೆರೆಯಿತ್ತು. ಅವನು ಕೈ ಹಿಂದಕ್ಕೆಳೆದುಕೊಂಡು ಕುರ್ಚಿಯಲ್ಲಿ ಕೂತ.

"ನನಗೆ ಮಾರ್ಗದರ್ಶಿ ಅಂತ ಬೇರೆ ಯಾರೂ ಸಿಗಲಿಲ್ವಾ ನಿಮಗೆ?" ಸಿಗ್ನಿ ವಾಣಿಜ್ಯ ಮಂಡಳಿಯ ಕಾರ್ಯದರ್ಶಿ ನೊರೀನ್‌ಳನ್ನು ಕೇಳಿದಳು.

"ಉಳಿದ ಮಾರ್ಗದರ್ಶಿಗಳೆಲ್ಲ ಅಂಗಡಿ, ಹೋಟೆಲ್ ನಡೆಸಿದೋರು ಕಣಮ್ಮ. ಕಣಜದ ಒಳಹೊರಗು ಗೊತ್ತಿರೋನು ಇವನೊಬ್ಬನೇ. ಇವನು ಹೂಂ ಅನ್ನದೆ ಮಂಡಳಿ ಕಣಜಕ್ಕೆ ನೀನು ಮಾಡ್ತಿರೋ ಸುರಕ್ಷಾ ಸಾಧನವನ್ನ ರೈತರ ಮುಂದೆ ಇಡಲ್ಲ."

ಗೊತ್ತಿರದೆ ಏನು! ಸಿಗ್ನಿಯ ಅಪ್ಪ ತಗಡಿನ ದೊಡ್ಡ ಕಣಜದೊಳಗೆ ಇಳಿದು, ಗಟ್ಟಿಕಟ್ಟಿದ ಮೆಕ್ಕೆಜೋಳ ಬಿಡಿಸುತ್ತಿದ್ದಾಗ ಕೆಳಗಿನಿಂದ ಕಾಳು ಹೊರಗೆಳೆಯುವ ತಿರುಪುಯಂತ್ರ ಚಾಲೂ ಆಗಿತ್ತು. ಜೋಳ ಸುಳಿಯಾಗಿ ಅವನನ್ನು ಎಳೆದುಕೊಂಡಿತು. ಗುಂಡಿ ಒತ್ತಿದ್ದು ತಾನೇ ಎಂದು ಪಕ್ಕದ ಹೊಲದ ವರ್ಲಿನ್ ಪೊಲೀಸರ ಮುಂದೆ ಒಪ್ಪಿಕೊಂಡ. ಸಿಗ್ನಿಗೆ ಆಗ ಐದು ವರ್ಷ. ಆ ದಿನದ್ದೇನೂ ಅವಳಿಗೆ ನೆನಪಿಲ್ಲ. ಊರು ಹೇಳಿದ್ದೇ ಅವಳ ನೆನಪು.

ಅಂದಿನಿಂದ ಚರ್ಚಿನಲ್ಲಿ ವರ್ಲಿನ್ ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಹೆಂಡತಿಯೂ ಬಿಟ್ಟುಹೋದಳು. ಸಿಗ್ನಿಯ ತಾಯಿ ಮಾತ್ರ ಸಾಯುವವರೆಗೂ ಪ್ರತಿ ಕ್ರಿಸ್‌ಮಸ್‌ಗೆ ಅವನ ಮನೆಗೆ ಸೇಬಿನ ಪೈ ಕಳಿಸುತ್ತಿದ್ದಳು. ಊರು ಅದನ್ನು ದೊಡ್ಡ ಗುಣ ಎಂದಿತು. ಸಿಗ್ನಿಗೆ ಅದು ಅವಮಾನವೆನಿಸುತ್ತಿತ್ತು.

ಅವಳ ರಿಪೇರಿ ಅಂಗಡಿಗೆ ವರ್ಲಿನ್ ವಾರವಾರವೂ ಬಂದ. ಬಂದಾಗಲೆಲ್ಲ ತಪ್ಪು ಹುಡುಕಿದ. ಮೊದಲ ಮಾದರಿಯಲ್ಲಿ ಗುಂಡಿಗೆ ಬೀಗವಿತ್ತು.

"ಬೀಗ ಹಾಕೋದು ಮರೆತ್ರೆ?"

ಎರಡನೆಯದಕ್ಕೆ ಅವಳು ಎಚ್ಚರಿಕೆಯ ಗಂಟೆ ಕೂರಿಸಿದಳು.

"ಗಂಟೆ ಯಾಕೆ ಹೊಡೀತಿದೆ ಅಂತಾನೇ ಗೊತ್ತಾಗದೋರು ಒತ್ತಿದ್ರೆ?"

"ಅಷ್ಟೂ ಗೊತ್ತಾಗದೋರು ಯಾರಿರ್ತಾರೆ, ನಿಮ್ಮನ್ನ ಬಿಟ್ಟು?"

ವರ್ಲಿನ್ ಗಂಟೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟ. "ಒತ್ತೋ ಕೈನ ನಂಬಬೇಡ. ಯಾರೇ ಒತ್ಲಿ, ಒಳಗಿರೋನಿಗೆ ಏನೂ ಆಗಬಾರದು. ಒತ್ತಿದೋರಿಗೂ ಏನೂ ಆಗಬಾರದು."

"ಓಹೋ. ತಪ್ಪು ಮಾಡ್ದೋರನ್ನ ಕಾಪಾಡೋ ಯಂತ್ರ ಬೇಕು ನಿಮಗೆ."

"ಹೌದು," ಎಂದ ವರ್ಲಿನ್. "ಅದೇ ಬೇಕು."

ಸಿಟ್ಟಿನಲ್ಲೇ ಅವಳು ಎಲ್ಲವನ್ನೂ ಕಳಚಿ ಹೊಸದಾಗಿ ಕಟ್ಟಿದಳು. ಈಗ ಕಣಜದ ನೆತ್ತಿಯ ಮುಚ್ಚಳ ತೆರೆದರೆ ಸಾಕು, ತಿರುಪಿಗೆ ಕರೆಂಟೇ ಹೋಗುವುದಿಲ್ಲ. ಮುಚ್ಚಳ ಹಾಕುವವರೆಗೆ ಗುಂಡಿ ಬರೀ ಆಟಿಕೆ. ವರ್ಲಿನ್ ಸಾಧನವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಇದು ಸರಿ," ಎಂದ.

ಪರೀಕ್ಷೆಯ ದಿನ ಮಂಡಳಿಯವರೂ ರೈತರೂ ಕಣಜದ ಸುತ್ತ ಸೇರಿದರು. ಡಕೋಟಾ ಬಯಲಿನ ಚಳಿಗಾಳಿ ಮುಖ ಕೊಯ್ಯುತ್ತಿತ್ತು. ಒಳಗೆ ಇಳಿಸಲು ನೊರೀನ್ ಗೊಂಬೆಯೊಂದನ್ನು ತಂದಿದ್ದಳು.

"ಗೊಂಬೆ ಬೇಡ," ಎನ್ನುತ್ತ ವರ್ಲಿನ್ ಏಣಿ ಹತ್ತಿದ.

"ಹಗ್ಗನಾದ್ರೂ ಕಟ್ಕೊಳ್ಳೋ ಮಾರಾಯ!" ಯಾರೋ ಕೂಗಿದರು.

"ಹಗ್ಗಾನ ನಾನು ನಂಬಲ್ಲ," ಎಂದವನೇ ಒಳಗಿಳಿದ. ತಗಡಿನೊಳಗಿಂದ ದನಿ ಬಂತು. "ಒತ್ತು, ಸಿಗ್ನಿ!"

ಅವಳ ಬೆರಳು ಗುಂಡಿಯ ಮೇಲಿತ್ತು. ಯಂತ್ರ ಕೈಕೊಟ್ಟರೆ ಕೊಡಲಿ ಎಂದು ಒಂದು ಗಳಿಗೆ ಅನ್ನಿಸಿತು. ಒತ್ತಿದಳು. ಏನೂ ಅಲುಗಲಿಲ್ಲ. ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು, ನೊರೀನ್ ಬಂದು ಕೈ ಹಿಡಿಯುವವರೆಗೂ.

ಚಪ್ಪಾಳೆ ಮುಗಿದು ಜನ ಕರಗಿದರು. ವರ್ಲಿನ್ ಅಂಗಿಯ ಧೂಳು ಕೊಡವುತ್ತಿದ್ದ. ಸಿಗ್ನಿ ಅವನ ಮುಂದೆ ಬಂದು ನಿಂತಳು.

"ಒಂದೇ ಮಾತು ಕೇಳ್ತೀನಿ. ಅವತ್ತು ಒತ್ತೋ ಮುಂಚೆ ಒಂದ್ಸಲ ಮೇಲೆ ನೋಡ್ಬಾರ್ದಿತ್ತಾ?"

ವರ್ಲಿನ್ ಅವಳ ಮುಖವನ್ನೇ ನೋಡಿದ. "ನೋಡ್ಬೇಕಿತ್ತು. ನಂದೇ ತಪ್ಪು."

"ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ."

"ಬೇಡ. ಕ್ಷಮಿಸಬೇಡ."

ಅವಳು ತಿರುಗಿ ನೋಡದೆ ಕಾರು ಹತ್ತಿ ಹೋದಳು.

ಅವಳ ಅಪ್ಪ ಜೋಳದಲ್ಲಿ ಮುಳುಗಿದ ಆ ಗಳಿಗೆಯಲ್ಲಿ ವರ್ಲಿನ್ ಕಣಜದ ನೆತ್ತಿಯ ಮೇಲೆ ಬೋರಲು ಮಲಗಿ, ಅಪ್ಪನ ಸೊಂಟಕ್ಕೆ ಕಟ್ಟಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗುತ್ತಿದ್ದ. ಕೆಳಗೆ, ಗುಂಡಿಯ ಹತ್ತಿರ ಆಡುತ್ತಿದ್ದದ್ದು ಐದು ವರ್ಷದ ಸಿಗ್ನಿ ಒಬ್ಬಳೇ.